ಮನೆಗೆಲ್ಲ ಒಂದೇ ರಿಮೋಟ್

ಕುಳಿತಲ್ಲಿಂದಲೇ ದೀಪ ಹೊತ್ತಿಸುವುದು, ಪಂಖ ತಿರುಗಿಸುವುದು, ಟೆಲಿವಿಷನ್ನಿನ ಧ್ವನಿಯನ್ನು ತಗ್ಗಿಸುವುದು ಇವೆಲ್ಲ ಸೋಮಾರಿಗಳ ಸುಖವೆಂದು ನಗುವವರುಂಟು. ಆದರೆ ಮೊಣಕಾಲು ನೋವಿನಿಂದ ಏಳಲಾರದ ವೃದ್ಧರಿಗೂ ಹಾಸಿಗೆ ಹಿಡಿದ ರೋಗಿಗಳಿಗೂ ಇದರಿಂದ ಇನ್ನೊಬ್ಬರನ್ನು ಪದೇ ಪದೇ ಕೂಗಿ ಕರೆಯುವ ಸಂಕೋಚ ತಪ್ಪುತ್ತದೆ. ಮನೆಯ ಹಲವು ಉಪಕರಣಗಳನ್ನು ಒಂದೇ ರಿಮೋಟಿನ ಅಂಕೆಗೆ ತರುವುದು ಹೇಗೆ, ಅದರ ಮಿತಿಗಳೇನು ಎಂಬುದನ್ನು ಈಗ ವಿಚಾರಮಾಡೋಣ.

ದೂರದಿಂದ ಅಪ್ಪಣೆ ಕೊಡುವ ಪ್ರಯತ್ನ ಹೊಸದೇನಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಸಂಸ್ಥೆಯ ಯೂಜೀನ್ ಪಾಲಿ ಎಂಬ ಎಂಜಿನಿಯರು ಬೆಳಕಿನ ಕಿರಣವನ್ನೇ ದೂತನನ್ನಾಗಿ ಮಾಡಿದರು. ಟೆಲಿವಿಷನ್ ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕೋಶಗಳಿದ್ದವು. ಆದರೆ ಅವುಗಳ ಮೇಲೆ ಬಿಸಿಲು ಬಿದ್ದರೂ ಪೆಟ್ಟಿಗೆಯು ಅದನ್ನು ಅಪ್ಪಣೆಯೆಂದೇ ಭ್ರಮಿಸುತ್ತಿತ್ತು! ಮರುವರ್ಷ ಅದೇ ಸಂಸ್ಥೆಯ ರಾಬರ್ಟ್ ಆಡ್ಲರ್ ಅವರು ಅಲ್ಯೂಮಿನಿಯಂ ಸರಳುಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯಿಂದ ಆ ಕೆಲಸವನ್ನು ಮಾಡಿಸಿದರು. ಮುಂದೆ ಈ ಸ್ಥಾನವನ್ನು ಅವಕೆಂಪು ಕಿರಣಗಳು ಪಡೆದುಕೊಂಡವು.

ವಾಚಕರು ಒಂದು ಸುಲಭವಾದ ಪ್ರಯೋಗ ಮಾಡಬಹುದು. ಟೆಲಿವಿಷನ್ ರಿಮೋಟಿನ ತುದಿಯನ್ನು ಮೊಬೈಲ್ ಫೋನಿನ ಕ್ಯಾಮೆರಾದ ಕಡೆಗೆ ಹಿಡಿದು ಗುಂಡಿಯನ್ನೊತ್ತಿರಿ. ಬರಿಗಣ್ಣಿಗೆ ಏನೂ ಕಾಣದಿದ್ದರೂ, ಅನೇಕ ಫೋನುಗಳ ಪರದೆಯ ಮೇಲೆ ನೇರಳೆ ಛಾಯೆಯ ಮಿನುಗು ಕಾಣುತ್ತದೆ. ಅದೇ ಅವಕೆಂಪು ಕಿರಣ. ಅದರ ತರಂಗಾಂತರ ಸಾಮಾನ್ಯವಾಗಿ ಸುಮಾರು 940 ನ್ಯಾನೋಮೀಟರ್.

ಈ ಮಿನುಗಿನಲ್ಲಿ ಒಂದು ಭಾಷೆ ಅಡಗಿದೆ. ಅದು ಹಿಂದಿನ ತಂತಿ ವರ್ತಮಾನದ ಮೋರ್ಸ್ ಸಂಕೇತವನ್ನು ಹೋಲುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಕಿರಣವು ಸೆಕೆಂಡಿಗೆ 38,000 ಸಲ ಮಿಡಿಯುತ್ತದೆ. ಈ ಮಿಡಿತದ ಕಂತುಗಳ ನಡುವಣ ಬಿಡುವು ಚಿಕ್ಕದಾದರೆ 0 ಎಂದೂ, ದೊಡ್ಡದಾದರೆ 1 ಎಂದೂ ಅರ್ಥ. ಇಂಥ 32 ಅಂಕಿಗಳಲ್ಲಿ ಉಪಕರಣದ ವಿಳಾಸ ಮತ್ತು ಮಾಡಬೇಕಾದ ಕೆಲಸ ಎರಡೂ ಅಡಕವಾಗಿರುತ್ತವೆ. ತಯಾರಕರು ಬೇರೆ ಬೇರೆ ಸಂಕೇತಗಳನ್ನು ಬಳಸುವುದರಿಂದಲೇ ಒಂದರ ರಿಮೋಟು ಇನ್ನೊಂದಕ್ಕೆ ಒದಗುವುದಿಲ್ಲ.

ಸರ್ವೋಪಯೋಗಿ ರಿಮೋಟು ಬಹುಭಾಷಾ ಪಂಡಿತನಂತೆ. ಹಲವು ತಯಾರಕರ ಸಂಕೇತಗಳು ಅದರ ಸ್ಮೃತಿಯಲ್ಲಿರುತ್ತವೆ. ಇಲ್ಲವೇ ಹಳೆಯ ರಿಮೋಟನ್ನು ಎದುರಿಗೆ ಹಿಡಿದು ಅದರ ಸಂಕೇತವನ್ನು ಕಲಿಸಬಹುದು. ಗಣಕಯಂತ್ರಗಳ ನಿರ್ಮಾಣದಲ್ಲಿ ಹೆಸರಾದ ಸ್ಟೀವ್ ವೋಜ್ನಿಯಾಕ್ ಅವರು 1987ರಲ್ಲಿ ಇಂಥ ಕಲಿಯಬಲ್ಲ ರಿಮೋಟೊಂದನ್ನು ಹೊರತಂದರು.

ಆದರೆ ಇಂದಿನ ಸ್ಮಾರ್ಟ್ ಬಲ್ಬುಗಳೂ ಪ್ಲಗ್ಗುಗಳೂ ಸಾಮಾನ್ಯವಾಗಿ ಅವಕೆಂಪು ಕಿರಣಕ್ಕೆ ಓಗೊಡುವುದಿಲ್ಲ. ಅವು ವೈಫೈ, ಬ್ಲೂಟೂತ್, ಜಿಗ್‌ಬೀ ಮೊದಲಾದ ರೇಡಿಯೋ ತರಂಗಗಳ ಭಾಷೆಯವು. ರೇಡಿಯೋ ತರಂಗ ಗೋಡೆಯನ್ನು ತಕ್ಕಮಟ್ಟಿಗೆ ದಾಟಬಲ್ಲದು. ಅವಕೆಂಪು ಕಿರಣ ದಾಟಲಾರದು. ಈ ಎರಡು ಕುಲಗಳ ನಡುವೆ ದುಭಾಷಿಯಾಗಿ ನಿಲ್ಲುವ ಪುಟ್ಟ ಪೆಟ್ಟಿಗೆಯನ್ನು ಹಬ್ ಎನ್ನುತ್ತಾರೆ. ಅದು ರೇಡಿಯೋ ಮೂಲಕ ಅಪ್ಪಣೆ ಪಡೆದು, ಬಲ್ಬಿಗೆ ರೇಡಿಯೋ ಸಂದೇಶವನ್ನೂ ಅದೇ ಕೋಣೆಯ ಟೆಲಿವಿಷನ್ನಿಗೆ ಅವಕೆಂಪು ಕಿರಣವನ್ನೂ ಕಳುಹಿಸುತ್ತದೆ. ಹೀಗೆ ಒಂದೇ ಗುಂಡಿಯಿಂದ ದೀಪ ಆರಿ, ಟೆಲಿವಿಷನ್ ಹೊತ್ತಿಕೊಳ್ಳುವಂತೆ ಮಾಡಬಹುದು.

ಇಲ್ಲಿಯೇ ಒಂದು ತೊಡಕು ಇದೆ. ಅವಕೆಂಪು ರಿಮೋಟು ಹೇಳಬಲ್ಲದು, ಕೇಳಲಾರದು. ಅಪ್ಪಣೆ ತಲುಪಿತೇ ಇಲ್ಲವೇ ಎಂಬುದು ಅದಕ್ಕೆ ತಿಳಿಯದು. ಅನೇಕ ಟೆಲಿವಿಷನ್ನುಗಳಲ್ಲಿ ಹೊತ್ತಿಸಲೂ ಆರಿಸಲೂ ಒಂದೇ ಸಂಕೇತ. ಆಗಲೇ ಹೊತ್ತಿರುವುದಕ್ಕೆ ಅದನ್ನು ಕಳುಹಿಸಿದರೆ ಆರಿಹೋಗುತ್ತದೆ. ಆದುದರಿಂದ 'ಹೊತ್ತಿಸು', 'ಆರಿಸು' ಎಂಬ ಪ್ರತ್ಯೇಕ ಸಂಕೇತಗಳು ದೊರೆತರೆ ಅವನ್ನೇ ಬಳಸುವುದು ಮೇಲು. ರೇಡಿಯೋ ಉಪಕರಣಗಳಲ್ಲಿ ಅನೇಕವು ಮರುಉತ್ತರ ಕೊಡುತ್ತವೆ. ಆದರೆ ಮನೆಯವರು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟರೆ ಸ್ಮಾರ್ಟ್ ಬಲ್ಬಿಗೆ ವಿದ್ಯುತ್ತೇ ಇಲ್ಲದಂತಾಗಿ, ಎಷ್ಟು ಕರೆದರೂ ಅದು ಓಗೊಡದು.

ಆದುದರಿಂದ ಮೂರು ಸಂಗತಿಗಳನ್ನು ನೆನಪಿಡುವುದು ಕ್ಷೇಮ. ಕೊಠಡಿ ಕಾಯಿಸುವ ಹೀಟರ್, ಇಸ್ತ್ರಿಪೆಟ್ಟಿಗೆ ಮೊದಲಾದವನ್ನು ಕಣ್ಣಿಗೆ ಕಾಣದ ಕಡೆಯಿಂದ ಹೊತ್ತಿಸಬಾರದು. ಸ್ಮಾರ್ಟ್ ಪ್ಲಗ್ಗಿನ ಮೇಲೆ ಬರೆದಿರುವ ಆಂಪಿಯರ್ ಮಿತಿಯನ್ನು ಮೀರಬಾರದು. ರೋಗಿಯ ಹಾಸಿಗೆಯ ಬಳಿ ರಿಮೋಟಿನ ಜೊತೆಗೆ, ಕೈಗೆಟಕುವ ಒಂದು ಸಾಧಾರಣ ಸ್ವಿಚ್ಚು ಅಥವಾ ಕರೆಗಂಟೆ ಇರಲೇಬೇಕು. ಬ್ಯಾಟರಿ ಮುಗಿದ ರಾತ್ರಿಯಲ್ಲಿ ಆ ಕರೆಗಂಟೆಯೇ ಅವರಿಗೆ ಆಸರೆ.