ಹೆಬ್ಬೆಟ್ಟಿಗೂ ಬೀಗ ಹಾಕು

ಚಿ. ತಂಗಿಗೆ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈಗ ಮನೆಗೊಬ್ಬರು ನಿನ್ನಂಥವರಿದ್ದಾರೆ. ಕಾಲೇಜು ಕಲಿತವರು. ಮುತ್ಯಾ, ಆಯಿಯ ಆಧಾರ್, ಅಪ್ಪನ ಉತಾರ, ಅವ್ವನ ಪಾಸ್‌ಬುಕ್ಕು ಎಲ್ಲದರ ಫೋಟೊ ತಮ್ಮ ಫೋನಿನಲ್ಲಿಟ್ಟುಕೊಂಡು ಮನೆಗೆ ಕಾರಕೂನರಾದವರು. ಕಾಗದ ನಿನಗಾದರೂ ಅವರೆಲ್ಲ ಓದಲಿ.

ನಾನು ಪತ್ರ ಬರಹಗಾರ. ಖರೀದಿ ಪತ್ರ, ವಾಟ್ನಿ ಪತ್ರ ಬರೆದೇ ಸಂಸಾರ ನಡೆಸಿದವನು. ಆಗೆಲ್ಲ ಹೆಬ್ಬೆಟ್ಟು ಒತ್ತುವವರು 'ಸಹಿ ಬರೂದಿಲ್ಲರಿ' ಎಂದು ನಾಚಿಕೊಳ್ಳುತ್ತಿದ್ದರು. 2001ರ ತಿದ್ದುಪಡಿಯಲ್ಲಿ ನೋಂದಣಿ ಕಾಯ್ದೆಗೆ 32ಎ ಕಲಂ ಸೇರಿತು. ಡಾಕ್ಟರಿರಲಿ, ವಕೀಲರಿರಲಿ, ಫೋಟೊ ಅಂಟಿಸಿ ಬೆರಳಚ್ಚು ಕೊಡಲೇಬೇಕಾಯಿತು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ನಿಂತು ಹೊಲ ಮಾರಬಾರದೆಂದು ಬಂದ ವ್ಯವಸ್ಥೆ ಅದು. 2023ರಲ್ಲಿ ಕಳ್ಳರಿಗೆ ದಾರಿಯಾದದ್ದೂ ಅದೇ ಬೆರಳಚ್ಚು. ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹಣ ಹೋಯಿತು. ಅವರಿಗೆ ಫೋನ್ ಬಂದಿರಲಿಲ್ಲ, ಒಟಿಪಿ ಕೇಳಿರಲಿಲ್ಲ. ನೋಂದಾಯಿತ ಪತ್ರಗಳ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚು ಎತ್ತಿಕೊಂಡು ನಕಲಿ ಬೆರಳು ಮಾಡಿದ್ದರು. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಮೂರಿದ್ದರೆ ಆಯಿತು. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಊರಿನ ಸೇವಾ ಕೇಂದ್ರದಲ್ಲಿ ಈ ಪಾವತಿ ನಡೆಯುವುದನ್ನು ಒಮ್ಮೆ ನಿಂತು ನೋಡು. ಅಂಗೈಯಲ್ಲಿ ಹಿಡಿಯುವ ಮಷಿನು, ಕೆಂಪು ದೀಪ. ಕಬ್ಬು ಕಡಿದು, ಕಸ ಕಿತ್ತು ಗೆರೆ ಸವೆದ ಬೆರಳು ಅದಕ್ಕೆ ಬೇಗ ಸಿಕ್ಕುವುದಿಲ್ಲ. 'ಹಿಡೀಲಿಲ್ಲ ಆಯಿ, ಸೆರಗಿಗೆ ಒರಸಿ ಮತ್ತೊಮ್ಮೆ ಇಡ್ರಿ' ಅನ್ನುತ್ತಾರೆ. ಬಹಳ ಸಲ ಅದು ನಿಜವೇ. ಮೊದಲ ಸಲವೇ ದುಡ್ಡು ತೆಗೆದು, ಎರಡನೆಯದನ್ನಷ್ಟೇ ಕೈಗಿಡುವವರೂ ಇದ್ದಾರೆ. ಬೆರಳಿಟ್ಟಷ್ಟು ಸಲ ಚೀಟಿ ಕೇಳು, ಫೇಲಾದದ್ದಕ್ಕೂ ಕೇಳು. ಸಂಕೋಚ ಪಡಬೇಡ.

ಬೆರಳಿಗೂ ಬೀಗವಿದೆ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಅಸಲಿ ಬೆರಳಿಟ್ಟರೂ ನಡೆಯದು, ನಕಲಿಯದಂತೂ ಇಲ್ಲವೇ ಇಲ್ಲ. ತೊಡಕೂ ಇದೆ: ರೇಷನ್ ಅಂಗಡಿಯಲ್ಲೂ ಬೆರಳು ಹತ್ತುವುದಿಲ್ಲ. ಅಕ್ಕಿ ತರುವ ದಿನ ಕೆಲ ನಿಮಿಷ ತೆರೆಯಬೇಕು. ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಪ್ರತಿ ತಿಂಗಳ ಈ ಉಸಾಬರಿ ನಿನ್ನ ತಲೆಗೇ ಬರುತ್ತದೆ, ಬರಲಿ.

ಈ ಬೀಗದ ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ನಮ್ಮ ಸೀಮೆಯ ಎಷ್ಟು ಮನೆಗಳಲ್ಲಿ ಆ ನಂಬರು ಇನ್ನೂ ಮನೆಯವರ ಕೈಯಲ್ಲಿದೆ, ಹೇಳು? ಗೋವಾಕ್ಕೋ ಪುಣೆಗೋ ದುಡಿಯಲು ಹೋದ ಮಗ ಅವ್ವನ ಆಧಾರಿಗೆ ತನ್ನ ನಂಬರು ಕೊಟ್ಟಿರುತ್ತಾನೆ. ಅಲ್ಲಿ ಬೇರೆ ಸಿಮ್ ತೆಗೆದುಕೊಂಡು ಇದಕ್ಕೆ ರಿಚಾರ್ಜ್ ಬಿಡುತ್ತಾನೆ. ಬಂದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಮತ್ತೊಬ್ಬರಿಗೆ ಕೊಡಬಹುದು. ಆಮೇಲೆ ಅವ್ವನ ಬ್ಯಾಂಕಿನ ಮೆಸೇಜು, ಆಧಾರಿನ ಒಟಿಪಿ ಯಾವುದೋ ಊರಿನ ಯಾರದೋ ಫೋನಿಗೆ ಹೋಗುತ್ತದೆ. ಆ ಮನುಷ್ಯ ಒಳ್ಳೆಯವನಾದರೆ ಅಳಿಸಿ ಸುಮ್ಮನಾಗುತ್ತಾನೆ. ನನ್ನ ಮಟ್ಟಿಗೆ ಹೊಸ ಹೊಸ ಆ್ಯಪಿಗಿಂತ ಇದೇ ದೊಡ್ಡ ಬಿರುಕು. ಯಾರೂ ಕದಿಯದೆ ನಾವೇ ಬಿಟ್ಟುಕೊಟ್ಟದ್ದು. ಆಧಾರ್ ಕೇಂದ್ರಕ್ಕೆ ಕರೆದೊಯ್ದು ನಂಬರು ಬದಲಿಸು, ಬ್ಯಾಂಕಿನಲ್ಲೂ ಬದಲಿಸು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ.

ಸಂತೆ, ಜಾತ್ರೆಯಲ್ಲಿ ಛತ್ರಿ ಕೆಳಗೆ ಸಿಮ್ ಮಾರುವವರ ಹತ್ತಿರವೂ ಬೆರಳಿನ ಆಟ ಇದೇ. ಎರಡು ಸಲ ಒತ್ತಿಸಿ ನಿನ್ನ ಹೆಸರಲ್ಲಿ ಇನ್ನೊಂದು ಸಿಮ್ ತೆಗೆದುಬಿಡುತ್ತಾರೆ. ಸಂಚಾರ್ ಸಾಥಿ ಜಾಲತಾಣದಲ್ಲಿ ನಂಬರು ಹಾಕಿದರೆ ನಿನ್ನ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುತ್ತದೆ. ನಿನ್ನದಲ್ಲದ್ದನ್ನು ಅಲ್ಲೇ ತಿಳಿಸಿ ಬಂದು ಮಾಡಿಸು.

ಇನ್ನು ಝೆರಾಕ್ಸ್. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಎಲ್ಲೆಂದರಲ್ಲಿ ಆಧಾರ್ ಝೆರಾಕ್ಸ್ ಕೊಡಬೇಡಿ ಎಂದು ಎಚ್ಚರಿಸಿತು. ಗದ್ದಲವಾಗಿ ಎರಡೇ ದಿನಕ್ಕೆ ಆ ಪ್ರಕಟಣೆ ವಾಪಸಾಯಿತು. ಮಾತು ಹಿಂದಕ್ಕೆ ಹೋದರೂ ಅದರಲ್ಲಿ ಹುರುಳಿತ್ತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಡೌನ್‌ಲೋಡ್‌ಗೆ ಸಿಗುತ್ತದೆ, ಲಾಡ್ಜಿಗೂ ಬಾಡಿಗೆ ಮನೆಗೂ ಅಷ್ಟು ಸಾಕು. ಪೂರ್ತಿ ಪ್ರತಿಯೇ ಬೇಕೆಂದರೆ ಪತ್ರ ಬರಹಗಾರರ ರೂಢಿಯಂತೆ ಅಡ್ಡಲಾಗಿ ಬರೆ: 'ಇಂಥ ಕೆಲಸಕ್ಕೆ ಮಾತ್ರ', ತಾರೀಖು, ಸಹಿ. ಅಕ್ಷರ ಅಂಕಿಗಳ ಮೇಲೆಯೇ ಹಾಯಬೇಕು, ಖಾಲಿ ಜಾಗದಲ್ಲಲ್ಲ.

ಖಾತೆಯ ವಿಷಯವೂ ಅಷ್ಟೇ: ಗೆಳೆಯನೊಬ್ಬ 'ನಿನ್ನ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀನಿ' ಎಂದರೆ ಕೊಡಬೇಡ. ಕದ್ದ ದುಡ್ಡು ನಿನ್ನ ಹೆಸರಿನ ಮೇಲೆ ಹಾದುಹೋದರೆ, ಬೇರೆ ರಾಜ್ಯದ ಪೊಲೀಸರು ತಟ್ಟುವುದು ನಿನ್ನ ಮನೆಯ ಬಾಗಿಲು.

ಇಷ್ಟಾಗಿಯೂ ದುಡ್ಡು ಹೋದರೆ ಅತ್ತು ಕೂರುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೋ. ನಿನ್ನ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೋದ ಹಣಕ್ಕೆ, ಬ್ಯಾಂಕಿನಿಂದ ತಿಳಿದುಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿನ್ನದಲ್ಲ. ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ತಂದ ನಿಯಮವಿದು. ಠಾಣೆಯಲ್ಲಿ ಐಟಿ ಕಾಯ್ದೆಯ 66ಸಿ ಕಲಂ ಹೆಸರು ಹೇಳು, ಬೇರೆಯವರ ಗುರುತು ಕದ್ದು ಬಳಸುವುದು ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ.

ಬರುವ ರವಿವಾರ ಆಯಿಯ ಆಧಾರ್ ತೆಗೆದುಕೊಂಡು ಬಾ. ಯಾರ ನಂಬರು ಜೋಡಿಸಿದೆಯೋ ಮೊದಲು ಅದನ್ನು ನೋಡೋಣ.

ಇಂತಿ ನಿನ್ನ ಕಾಕಾ