ಅಳಿಯದ ನಾದ

ಬೆಂಗಳೂರಿನ ಅಂಚಿನಲ್ಲಿರುವ ಪೀಣ್ಯವು ಯಂತ್ರಗಳ ಊರು. ಲೇತುಗಳ ಮೊರೆತ, ಲೋಹಕ್ಕೆ ಲೋಹ ತಾಗುವ ಸದ್ದು, ಸರಕು ಹೊತ್ತ ಲಾರಿಗಳ ಸಾಲು ಅಲ್ಲಿ ನಿತ್ಯದ ನೋಟ. ಈ ಗದ್ದಲದ ನಡುವೆಯೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವಿದೆ. ಅದನ್ನು ‘ಇಸ್ಟ್ರಾಕ್’ ಎಂದು ಕರೆಯುತ್ತಾರೆ. ನಮ್ಮ ಉಪಗ್ರಹಗಳಿಗೆ ಆದೇಶಗಳನ್ನು ಕಳುಹಿಸುವುದು, ಅವು ಕಳುಹಿಸುವ ಕ್ಷೀಣವಾದ ಸಂಕೇತಗಳಿಗೆ ಕಿವಿಗೊಡುವುದು ಅದರ ಕಾರ್ಯ. ನಗರದ ಹೊರಗೆ ಬ್ಯಾಲಾಳು ಗ್ರಾಮದಲ್ಲಿ ಇದೇ ಕಾರ್ಯಕ್ಕಾಗಿ ೩೨ ಮೀಟರ್ ವ್ಯಾಸದ ಬೃಹತ್ ಆಂಟೆನಾ ಒಂದು ಆಕಾಶದತ್ತ ಮುಖಮಾಡಿ ನಿಂತಿದೆ. ದೂರದ ದನಿಯನ್ನು ಕೇಳಿಸಿಕೊಳ್ಳಲು ಎಷ್ಟು ಎಚ್ಚರ, ಎಷ್ಟು ದುಡಿಮೆ ಬೇಕೆಂಬುದನ್ನು ಇವು ನಮಗೆ ತೋರಿಸುತ್ತವೆ. ಸ್ಥಳದಲ್ಲಿ ದೂರವಿರುವಂತೆ ಕಾಲದಲ್ಲಿಯೂ ದೂರವುಂಟು. ಮುನ್ನೂರು ವರ್ಷಗಳಾಚೆಯಿಂದ ನಮ್ಮನ್ನು ತಲುಪಿರುವ ಅಂಥದೊಂದು ದನಿಯ ಕಥೆ ಇದು.

೧೯೭೭ರಲ್ಲಿ ಅಮೆರಿಕದ ವಿಜ್ಞಾನಿಗಳು ‘ವಾಯೇಜರ್’ ಎಂಬ ಹೆಸರಿನ ಎರಡು ನೌಕೆಗಳನ್ನು ಹಾರಿಸಿದರು. ದೂರದ ಗ್ರಹಗಳನ್ನು ಕಂಡು, ಸೂರ್ಯಮಂಡಲವನ್ನು ಹಿಂದಿಟ್ಟು ಸಾಗುವ ಈ ನೌಕೆಗಳು ಎಂದಾದರೂ ಬೇರೆ ಲೋಕದ ಜೀವಿಗಳ ಕೈಸೇರಿದರೆ, ಭೂಮಿಯ ಪರಿಚಯ ಅವರಿಗೆ ಆಗಲಿ ಎಂಬ ಆಸೆಯಿಂದ ಪ್ರತಿಯೊಂದು ನೌಕೆಯಲ್ಲಿಯೂ ಚಿನ್ನದ ಲೇಪವುಳ್ಳ ತಾಮ್ರದ ಧ್ವನಿಮುದ್ರಿಕೆಯೊಂದನ್ನು ಇರಿಸಲಾಯಿತು. ಅದರಲ್ಲಿ ೫೫ ಭಾಷೆಗಳ ವಂದನೆಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರೆಲ್ಲರ ಪರವಾಗಿ ಶುಭವನ್ನು ಹಾರೈಸುವ ದನಿ ಅಲ್ಲಿದೆ. ನಾನಾ ದೇಶಗಳ ೨೭ ಸಂಗೀತ ಭಾಗಗಳೂ ಅದರಲ್ಲಿವೆ. ಹಿಂದೂಸ್ಥಾನಿ ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿಯೂ ಅವುಗಳಲ್ಲಿ ಸೇರಿದೆ. ಒಬ್ಬನೇ ರಚನಕಾರನ ಮೂರು ಕೃತಿಗಳಿಗೆ ಅಲ್ಲಿ ಸ್ಥಾನ ದೊರೆತಿದೆ. ಸಂಗೀತದ ಮೊದಲ ಭಾಗವೂ ಅವನದೇ. ಅವನೇ ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್. ೨೦೧೨ರಲ್ಲಿ ಮೊದಲನೆಯ ನೌಕೆಯೂ ೨೦೧೮ರಲ್ಲಿ ಎರಡನೆಯದೂ ಸೂರ್ಯಪವನದ ಎಲ್ಲೆಯನ್ನು ದಾಟಿದವು. ಹೀಗೆ ಕನ್ನಡದ ನುಡಿಯೂ ಬಾಖ್‌ನ ನಾದವೂ ಇಂದು ನಕ್ಷತ್ರಗಳ ನಡುವಣ ಬಯಲಿನಲ್ಲಿ ಸಹಪ್ರಯಾಣಿಕರಾಗಿವೆ.

ಇಷ್ಟು ದೊಡ್ಡ ಗೌರವಕ್ಕೆ ಪಾತ್ರನಾದ ಈ ಸಂಗೀತಗಾರ ಸತ್ತಾಗ ಅವನ ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲವೆಂದರೆ ನಂಬುವುದು ಕಷ್ಟ.

ಬಾಖ್ ಹುಟ್ಟಿದ್ದು ೧೬೮೫ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ಸಂಗೀತವೇ ಅವನ ಮನೆತನದ ಕುಲವೃತ್ತಿ. ಹತ್ತು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡ ಬಾಲಕನು ಅಣ್ಣನ ಆಶ್ರಯಕ್ಕೆ ಬಂದನು. ಅಣ್ಣನ ಬಳಿ ಪ್ರಸಿದ್ಧ ರಚನೆಗಳ ಹಸ್ತಪ್ರತಿಯೊಂದಿತ್ತು. ಬೇಡಿದರೂ ಅದು ತಮ್ಮನಿಗೆ ದೊರೆಯಲಿಲ್ಲ. ಜಾಲರಿ ಬಾಗಿಲಿನ ಕಪಾಟಿನೊಳಗೆ ಪುಟ್ಟ ಕೈಯನ್ನು ತೂರಿಸಿ, ಪ್ರತಿಯನ್ನು ಸುರುಳಿಮಾಡಿ ಹೊರಗೆಳೆದು, ದೀಪವಿಲ್ಲದೆ ಬೆಳುದಿಂಗಳಿನಲ್ಲಿಯೇ ಅವನು ಆರು ತಿಂಗಳ ಕಾಲ ಅದನ್ನು ನಕಲುಮಾಡಿಕೊಂಡನಂತೆ. ಕೊನೆಗೆ ಸಂಗತಿ ತಿಳಿದ ಅಣ್ಣನು ಆ ನಕಲನ್ನೂ ಕಿತ್ತುಕೊಂಡನು. ಬಾಖ್ ತೀರಿಕೊಂಡ ನಾಲ್ಕು ವರ್ಷಗಳ ಬಳಿಕ ಅಚ್ಚಾದ ಚರಮಲೇಖದಲ್ಲಿ ಈ ಪ್ರಸಂಗವಿದೆ. ಇಪ್ಪತ್ತರ ಹರೆಯದಲ್ಲಿ ಬಕ್ಸ್‌ಟೆಹೂಡೆ ಎಂಬ ಹಿರಿಯ ವಿದ್ವಾಂಸನ ವಾದನವನ್ನು ಕೇಳಲು ಅವನು ಸುಮಾರು ೪೦೦ ಕಿಲೋಮೀಟರ್ ದೂರದ ಲ್ಯೂಬೆಕ್ ನಗರಕ್ಕೆ ನಡೆದೇ ಹೋದನು. ನಾಲ್ಕು ವಾರಗಳ ರಜೆ ಪಡೆದು ಹೊರಟವನು ಹಿಂದಿರುಗಿದ್ದು ನಾಲ್ಕು ತಿಂಗಳಾದ ಮೇಲೆ.

೧೭೨೩ರಲ್ಲಿ ಲೈಪ್‌ಜಿಗ್ ನಗರದ ಸೇಂಟ್ ಥಾಮಸ್ ಶಾಲೆಯಲ್ಲಿ ಅವನಿಗೆ ಸಂಗೀತಾಚಾರ್ಯನ ಹುದ್ದೆ ದೊರೆಯಿತು. ಮುಂದಿನ ೨೭ ವರ್ಷಗಳು ಅಲ್ಲಿಯೇ ಕಳೆದವು. ಹುಡುಗರಿಗೆ ಪಾಠ ಹೇಳುವುದು, ನಗರದ ಚರ್ಚುಗಳ ಆರಾಧನೆಗೆ ಹೊಸ ಹೊಸ ಗಾನಗಳನ್ನು ರಚಿಸುವುದು, ಅವುಗಳನ್ನು ಹಾಡಿಸುವುದು, ಮೇಲಧಿಕಾರಿಗಳೊಡನೆ ವಾದಿಸುವುದು, ದೊಡ್ಡ ಸಂಸಾರವನ್ನು ಸಲಹುವುದು, ಇದೇ ಅವನ ದಿನಚರಿ. ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಹತ್ತು ಮಕ್ಕಳನ್ನು ಅವನು ಎಳೆಯ ವಯಸ್ಸಿನಲ್ಲಿಯೇ ಮಣ್ಣಿಗೊಪ್ಪಿಸಬೇಕಾಯಿತು. ಇಷ್ಟರ ನಡುವೆ ಅವನ ಲೇಖನಿ ನಿಲ್ಲಲಿಲ್ಲ.

ಅವನ ಸಂಗೀತದ ವೈಶಿಷ್ಟ್ಯವೇನು? ನಮ್ಮ ಸಂಗೀತದಲ್ಲಿ ಶ್ರುತಿಯ ಆಧಾರದ ಮೇಲೆ ಒಂದೇ ರಾಗಧಾರೆ ಹರಿಯುತ್ತದೆ. ಬಾಖ್‌ನ ರಚನೆಗಳಲ್ಲಿ ಮೂರು ನಾಲ್ಕು ಧಾರೆಗಳು ಏಕಕಾಲದಲ್ಲಿ ಹರಿಯುತ್ತವೆ. ಒಂದು ದನಿ ಒಂದು ಚಿಕ್ಕ ಸ್ವರಪಂಕ್ತಿಯನ್ನು ಹಾಡಿ ಮುಂದೆ ಸಾಗುತ್ತದೆ. ಎರಡನೆಯ ದನಿ ಅದೇ ಪಂಕ್ತಿಯನ್ನು ಎತ್ತಿಕೊಳ್ಳುತ್ತದೆ. ಮೂರನೆಯದು ಅದನ್ನು ಹಿಂಬಾಲಿಸುತ್ತದೆ. ಈ ಬಗೆಯ ರಚನೆಗೆ ‘ಫ್ಯೂಗ್’ ಎಂದು ಹೆಸರು. ನಮ್ಮ ಹಳ್ಳಿಗಳ ಜಡೆ ಕೋಲಾಟವನ್ನು ನೆನಪಿಗೆ ತಂದುಕೊಳ್ಳಿರಿ. ಒಬ್ಬೊಬ್ಬನ ಕೈಯಲ್ಲಿಯೂ ಒಂದೊಂದು ಬಣ್ಣದ ಹಗ್ಗ. ಒಬ್ಬನು ಒಳಗೆ ನುಸುಳಿದರೆ ಇನ್ನೊಬ್ಬನು ಹೊರಗೆ ಸುತ್ತುವನು. ಯಾರ ಹಗ್ಗವೂ ಯಾರದರಲ್ಲಿಯೂ ಕರಗಿಹೋಗುವುದಿಲ್ಲ. ಆದರೂ ನಡುವೆ ಅಂದವಾದ ಜಡೆಯೊಂದು ಹೆಣೆದುಕೊಳ್ಳುತ್ತದೆ. ಬಾಖ್ ಹೆಣೆದದ್ದು ನಾದದ ಜಡೆ.

ಕನ್ನಡಿಗರಿಗೆ ಹತ್ತಿರವೆನಿಸುವ ಇನ್ನೊಂದು ಸಂಗತಿಯುಂಟು. ನಮ್ಮ ಹರಿದಾಸರು ಪದದ ಕೊನೆಯಲ್ಲಿ ಅಂಕಿತವನ್ನಿಡುತ್ತಿದ್ದರು. ಬಾಖ್ ತನ್ನ ಅನೇಕ ಚರ್ಚ್ ರಚನೆಗಳ ಕೊನೆಯಲ್ಲಿ, ಮಹಿಮೆಯೆಲ್ಲ ದೇವರೊಬ್ಬನದೇ ಎಂಬ ಅರ್ಥದ ಲ್ಯಾಟಿನ್ ನುಡಿಯ ಮೊದಲಕ್ಷರಗಳನ್ನು ಬರೆಯುತ್ತಿದ್ದನು. ಜರ್ಮನರು ಸ್ವರಗಳನ್ನು ಅಕ್ಷರಗಳಿಂದ ಹೆಸರಿಸುವುದರಿಂದ, ಬಾಖ್ ಎಂಬ ಹೆಸರಿನ ನಾಲ್ಕು ಜರ್ಮನ್ ಅಕ್ಷರಗಳನ್ನು ಸ್ವರಗಳಾಗಿಯೂ ನುಡಿಸಬಹುದು. ಅವನ ಕೊನೆಯ ಮಹಾಕೃತಿಯ ಅಪೂರ್ಣ ಫ್ಯೂಗಿನಲ್ಲಿ ಈ ನಾದದ ಅಂಕಿತ ಕೇಳಿಬರುತ್ತದೆ.

ಕಣ್ಣಿನ ಬೇನೆಗೆ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗಳು ಫಲಿಸದೆ ಬಾಖ್ ೧೭೫೦ರಲ್ಲಿ ನಿಧನ ಹೊಂದಿದನು. ಅಷ್ಟರಲ್ಲಿ ಜನರ ಅಭಿರುಚಿ ಬದಲಾಗಿತ್ತು. ಅವನ ಶೈಲಿ ಹಳೆಯದು, ತೊಡಕಿನದು ಎಂದು ಅನೇಕರು ಬದಿಗಿಟ್ಟಿದ್ದರು. ಅವನ ಕಾಲದಲ್ಲಿ ಅಚ್ಚಾದ ಕೃತಿಗಳು ಕೆಲವು ಮಾತ್ರ. ಉಳಿದ ಹಸ್ತಪ್ರತಿಗಳು ಹೆಂಡತಿ ಮಕ್ಕಳಲ್ಲಿ ಹಂಚಿಹೋದವು. ಮಗ ಇಮ್ಯಾನುಯೆಲ್ ತನ್ನ ಪಾಲನ್ನು ಕಣ್ಣಿನಂತೆ ಕಾಪಾಡಿದನು. ಹಿರಿಯ ಮಗ ಫ್ರೀಡ್‌ಮನ್ ಬಡತನದಲ್ಲಿ ತನ್ನ ಪಾಲಿನ ಎಷ್ಟೋ ಪ್ರತಿಗಳನ್ನು ಮಾರಿಕೊಂಡನು. ಚರ್ಚಿನ ಆರಾಧನೆಗಾಗಿ ಬಾಖ್ ರಚಿಸಿದ ‘ಕಂಟಾಟ’ಗಳಲ್ಲಿ ಸುಮಾರು ೨೦೦ ಉಳಿದಿವೆ, ಸುಮಾರು ೧೦೦ ನಷ್ಟವಾಗಿರಬೇಕೆಂದು ವಿದ್ವಾಂಸರ ಅಂದಾಜು. ಅವನ ಮಡದಿ ಅನ್ನಾ ಮಗ್ಡಲೇನಾ ಎಷ್ಟೋ ಕೃತಿಗಳನ್ನು ತನ್ನ ಕೈಯಾರೆ ನಕಲುಮಾಡಿದ್ದ ಸಾಧ್ವಿ. ೧೭೬೦ರಲ್ಲಿ ಆಕೆ ಕಡುಬಡತನದಲ್ಲಿ ಕಣ್ಮುಚ್ಚಿದಳು.

ಆದರೂ ಎಳೆ ಪೂರ್ತಿ ಕಡಿಯಲಿಲ್ಲ. ಶಿಷ್ಯರು ಶಿಷ್ಯರಿಗೆ ಅವನ ಪಾಠಗಳನ್ನು ದಾಟಿಸಿದರು. ಬೀಥೋವನ್ ಬಾಲ್ಯದಲ್ಲಿಯೇ ಅವುಗಳನ್ನು ಕಲಿತನು. ೧೭೮೯ರಲ್ಲಿ ಲೈಪ್‌ಜಿಗ್‌ಗೆ ಬಂದ ಮೊಜಾರ್ಟ್, ಶಾಲೆಯ ಹುಡುಗರು ಹಾಡಿದ ಬಾಖ್‌ನ ಗಾನವನ್ನು ಕೇಳಿ ಬೆರಗಾಗಿ, ಅದರ ಬಿಡಿಹಾಳೆಗಳನ್ನು ಸುತ್ತಲೂ ಹರಡಿಕೊಂಡು ಅಧ್ಯಯನಕ್ಕೆ ಕುಳಿತನೆಂದು ಹೇಳುತ್ತಾರೆ. ಕೊನೆಗೆ ೧೮೨೯ರ ಮಾರ್ಚ್ ೧೧ರಂದು ಬರ್ಲಿನ್ನಿನಲ್ಲಿ ಮೆಂಡೆಲ್‌ಸನ್ ಎಂಬ ಇಪ್ಪತ್ತು ವರ್ಷದ ತರುಣನು ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಎಂಬ ಮಹಾಗಾನವನ್ನು ಹಾಡಿಸಿದನು. ಅದರ ಪ್ರತಿಯನ್ನು ಅವನಿಗೆ ಉಡುಗೊರೆಯಾಗಿ ಕೊಟ್ಟಿದ್ದವಳು ಅವನ ಅಜ್ಜಿ. ಅಂದಿನಿಂದ ಬಾಖ್‌ನ ಹೆಸರು ಮತ್ತೆ ಬೆಳಗಿತು. ಅವನ ಕೃತಿಗಳನ್ನೆಲ್ಲ ಪ್ರಕಟಿಸಲು ೧೮೫೦ರಲ್ಲಿ ಸಂಘವೊಂದು ಹುಟ್ಟಿತು. ಆ ಕಾರ್ಯ ಮುಗಿಯಲು ಅರ್ಧ ಶತಮಾನವೇ ಹಿಡಿಯಿತು.

ಕನ್ನಡ ನಾಡಿಗೂ ಈ ಪರಂಪರೆಯ ಒಂದು ಕವಲು ಹರಿದುಬಂದಿದೆ. ೧೮೩೪ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರು ಜರ್ಮನ್ ಸ್ತೋತ್ರಗಳನ್ನು ಕನ್ನಡಕ್ಕೆ ತಂದು ಅದೇ ಧಾಟಿಗಳಲ್ಲಿ ಹಾಡಿಸಿದರು. ನಿಘಂಟುಕಾರ ಕಿಟ್ಟೆಲರು ಕನ್ನಡದ ಛಂದಸ್ಸನ್ನೇ ಬಳಸಿ ೧೮೬೨ರಲ್ಲಿ ‘ಕಥಾಮಾಲೆ’ಯನ್ನು ರಚಿಸಿದುದೂ ಈ ಪರಂಪರೆಯೊಳಗೇ. ಬಾಖ್ ತನ್ನ ಕಂಟಾಟಗಳಿಗೆ ಅಡಿಪಾಯವಾಗಿ ಬಳಸಿದ್ದು ಇಂಥ ಸಭಾಗಾನದ ಧಾಟಿಗಳನ್ನೇ. ಆದುದರಿಂದ ಅವನ ಹೆಸರನ್ನು ಕೇಳದವರೂ ಕರಾವಳಿಯಲ್ಲಿ, ಧಾರವಾಡದ ಕಡೆಯಲ್ಲಿ, ಅವನು ಕುಡಿದ ಚಿಲುಮೆಯ ನೀರನ್ನೇ ಕುಡಿದಿದ್ದಾರೆ. ಬಾಖ್ ೧೭೨೦ರಲ್ಲಿ ಪಕ್ಕವಾದ್ಯವಿಲ್ಲದ ಒಂಟಿ ಪಿಟೀಲಿಗಾಗಿ ಆರು ಕೃತಿಗಳನ್ನು ಬರೆದಿಟ್ಟನು. ಅವುಗಳಲ್ಲೊಂದರ ಭಾಗ ವಾಯೇಜರಿನಲ್ಲಿದೆ. ಅದೇ ಪಿಟೀಲು ನಮ್ಮಲ್ಲಿಗೆ ಬಂದು ಕರ್ನಾಟಕ ಸಂಗೀತದ ಅಂಗವೇ ಆಯಿತು. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿ ಕೀರ್ತಿವಂತರಾದರು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಬಾಖ್‌ಗಿಂತ ಮೂರು ವರ್ಷ ಮೊದಲು, ೧೬೮೨ರಲ್ಲಿ, ರಾಯಚೂರು ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಜನಿಸಿದರು. ಬಡತನದಲ್ಲಿ ಬೆಂದು, ಭಕ್ತಿಯಲ್ಲಿ ಅರಳಿ, ಅಸಂಖ್ಯ ಪದಗಳನ್ನೂ ಸುಳಾದಿಗಳನ್ನೂ ರಚಿಸಿ ೧೭೫೫ರಲ್ಲಿ ಅವರು ದೇಹವಿಟ್ಟರು. ಅವರ ಸಾಹಿತ್ಯ ಓಲೆಗರಿಗಳಲ್ಲಿಯೂ ಭಕ್ತರ ನಾಲಗೆಯ ಮೇಲೂ ಉಳಿಯಿತು. ಆದರೆ ಅವರು ಯಾವ ಧಾಟಿಯಲ್ಲಿ ಹಾಡಿದರು? ರಾಗತಾಳಗಳ ಹೆಸರುಗಳು ಎಷ್ಟೋ ಪ್ರತಿಗಳಲ್ಲಿವೆ. ಮೂಲದ ಧಾಟಿಗಳಲ್ಲಿ ಬಹುಪಾಲು ನಮಗೆ ದಕ್ಕಿಲ್ಲ. ಇಂದು ನಾವು ಕೇಳುವ ದಾಸರ ಪದಗಳಲ್ಲಿ ಹೆಚ್ಚಿನವು ಮುಂದಿನವರು ರಾಗ ಕಟ್ಟಿದವು. ನಮ್ಮದು ಗುರುಮುಖದಿಂದ ಶಿಷ್ಯನ ಕಿವಿಗೆ ಹರಿಯುವ ವಿದ್ಯೆ. ರಾಗಕ್ಕೆ ನಿತ್ಯನವೀನವಾದ ಜೀವವನ್ನು ಕೊಟ್ಟದ್ದೂ ಇದೇ ಕ್ರಮ. ಆದರೆ ಒಂದು ತಲೆಮಾರು ಕಿವಿಗೊಡದೆ ಹೋದರೆ ಆ ಧಾರೆ ಅಲ್ಲಿಗೇ ಬತ್ತುತ್ತದೆ. ಬರಹದಲ್ಲಿದ್ದರೂ ಬಾಖ್‌ನ ಕೃತಿಗಳು ಕಳೆದುಹೋದವು. ಬರಹವಾಗಲಿ ಬಾಯಿಪಾಠವಾಗಲಿ ಕಾಪಾಡುವ ಮನಸ್ಸಿಲ್ಲದಿದ್ದರೆ ಉಳಿಯದು.

ಬೆಂಗಳೂರಿನ ಪೂರ್ವದ ವೈಟ್‌ಫೀಲ್ಡ್ ಒಂದು ಕಾಲದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದ ಪುಟ್ಟ ಹಳ್ಳಿ. ಇಂದು ಅಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಗಣಕಯಂತ್ರದ ಕಂಪನಿಗಳು, ಮುಗಿಲೆತ್ತರದ ಮನೆಗಳು ತುಂಬಿವೆ. ಲಂಡನ್ನಿನ ಸಂಸ್ಥೆಗಳು ನಡೆಸುವ ಪಿಯಾನೊ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಮಕ್ಕಳು ನಗರದಲ್ಲಿ ಎಷ್ಟೋ ಮಂದಿ. ಬಾಖ್ ತನ್ನ ಮಕ್ಕಳ ಅಭ್ಯಾಸಕ್ಕೆಂದು ಬರೆದ ಪಾಠಗಳೇ ಇವರಿಗೂ ಪಾಠ. ಅವುಗಳೊಡನೆ ಅನೇಕರು ಕಲಿಯುವ ಒಂದು ಪ್ರಸಿದ್ಧ ‘ಮಿನ್ಯುಯೆಟ್’ ಅನ್ನಾ ಮಗ್ಡಲೇನಾಳ ಪುಸ್ತಕದಲ್ಲಿದ್ದ ಕಾರಣ ಬಾಖ್‌ನದೆಂದೇ ಪ್ರಚಾರವಾಗಿತ್ತು. ಅದು ಪೆಟ್ಸೊಲ್ಡ್ ಎಂಬ ಇನ್ನೊಬ್ಬನ ರಚನೆಯೆಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಆ ಪುಸ್ತಕವನ್ನು ಒಬ್ಬ ಗೃಹಿಣಿ ಜೋಪಾನಮಾಡದಿದ್ದರೆ ಪೆಟ್ಸೊಲ್ಡನ ಆ ಮಧುರ ತುಣುಕನ್ನು ಇಂದು ಯಾವ ಮಗುವೂ ನುಡಿಸುತ್ತಿರಲಿಲ್ಲವೇನೋ.

ಬೆಳುದಿಂಗಳಿನಲ್ಲಿ ನಕಲುಮಾಡಿದ ಬಾಲಕ, ಪ್ರತಿಯನ್ನು ಕಾಪಾಡಿದ ಮಗ, ಮೊಮ್ಮಗನಿಗೆ ಉಡುಗೊರೆಯಿತ್ತ ಅಜ್ಜಿ, ಹಾಡಿಸಿದ ತರುಣ: ಇವರಲ್ಲಿ ಒಬ್ಬರು ಆಲಸ್ಯಪಟ್ಟಿದ್ದರೂ ಆ ನಾದ ನಮ್ಮವರೆಗೆ ಬರುವುದು ಕಷ್ಟವಾಗುತ್ತಿತ್ತು. ನಿಮ್ಮ ಮನೆಯಲ್ಲಿ ಅಜ್ಜಿ ಹಾಡುವ ಸಂಪ್ರದಾಯದ ಹಾಡೊಂದು, ಊರಿನ ಭಜನೆಯ ಹಳೆಯ ಧಾಟಿಯೊಂದು ಇರಬಹುದು. ಅದನ್ನು ಬಲ್ಲವರು ಇನ್ನೂ ನಮ್ಮೊಡನಿರುವಾಗಲೇ ಅವರ ಬಳಿ ಕುಳಿತು ಕಲಿಯಿರಿ.

ಶಬ್ದಾರ್ಥ

ಕ್ಷೀಣ: ಬಲಗುಂದಿದ. ಚರಮಲೇಖ: ನಿಧನರಾದವರನ್ನು ಕುರಿತ ಬರಹ. ಅಂಕಿತ: ರಚನೆಯಲ್ಲಿ ಇಡುವ ಮುದ್ರಿಕೆ. ಧಾಟಿ: ಹಾಡುವ ಮಟ್ಟು. ಸುಳಾದಿ: ಹಲವು ತಾಳಗಳಲ್ಲಿ ಸಾಗುವ ದಾಸರ ದೀರ್ಘ ರಚನೆ. ಸೂರ್ಯಪವನ: ಸೂರ್ಯನಿಂದ ಹೊರಹೊಮ್ಮುವ ಕಣಗಳ ಪ್ರವಾಹ.

ಅಭ್ಯಾಸ

೧. ವಾಯೇಜರ್ ನೌಕೆಯ ಧ್ವನಿಮುದ್ರಿಕೆಯಲ್ಲಿ ಏನೇನಿದೆ?
೨. ಬಾಖ್‌ನ ಸಂಗೀತವನ್ನು ಜಡೆ ಕೋಲಾಟಕ್ಕೆ ಹೋಲಿಸಿರುವುದು ಏಕೆ?
೩. ಬಾಖ್‌ನ ಕೃತಿಗಳು ಮತ್ತೆ ಪ್ರಚಾರಕ್ಕೆ ಬಂದ ಬಗೆಯನ್ನು ವಿವರಿಸಿರಿ.
೪. ವಿಜಯದಾಸರ ಸಾಹಿತ್ಯ ಉಳಿದರೂ ಧಾಟಿಗಳು ಉಳಿಯಲಿಲ್ಲ. ಇದಕ್ಕೆ ಕಾರಣವೇನು?
೫. ನಿಮ್ಮ ಮನೆಯ ಹಿರಿಯರಿಂದ ಒಂದು ಹಳೆಯ ಹಾಡನ್ನು ಕಲಿತು, ಅದು ಅವರಿಗೆ ಯಾರಿಂದ ಬಂದಿತೆಂಬುದನ್ನು ಬರೆಯಿರಿ.