ಬ್ರೌಸರ್‌ಗಳ ಹೋಲಿಕೆ: ‘ಯಾರಿಂದ ರಕ್ಷಣೆ?’ ಎಂಬ ಪ್ರಶ್ನೆಯ ಮೂಲಕ ಒಂದು ಪಾಠ

ತರಗತಿ: 9
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು
ಸಾಮಗ್ರಿ: ಸಂಖ್ಯೆ ಬರೆದ ಚೀಟಿಗಳು, ಮೂರು ಮೇಜು, ಒಂದು ನೋಟ್‌ಪುಸ್ತಕ, ಶಾಲೆಯ ಕಂಪ್ಯೂಟರ್‌ಗಳು

ಹಿನ್ನೆಲೆ

‘ಯಾವ ಬ್ರೌಸರ್ ಒಳ್ಳೆಯದು?’ ಎಂದು ಕೇಳಿದರೆ ಮಕ್ಕಳು ತಮ್ಮ ಮನೆಯ ಫೋನಿನಲ್ಲಿರುವುದರ ಹೆಸರು ಹೇಳುತ್ತಾರೆ. ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಅಭ್ಯಾಸ ಬೋಧನೆಯಲ್ಲಿ ಈ ಪಾಠವನ್ನು ನಾನು ಬೇರೊಂದು ಪ್ರಶ್ನೆಯಿಂದ ಆರಂಭಿಸಿದೆ: ‘ನಮಗೆ ಯಾರಿಂದ ರಕ್ಷಣೆ ಬೇಕು?’ ಈ ಮಕ್ಕಳಲ್ಲಿ ಹೆಚ್ಚಿನವರು ವಿದ್ಯಾರ್ಥಿವೇತನದ ಅರ್ಜಿಯನ್ನು ಶಾಲೆಯಲ್ಲೋ ಸೈಬರ್ ಕೇಂದ್ರದಲ್ಲೋ ತುಂಬುತ್ತಾರೆ. ಆಧಾರ್ ಸಂಖ್ಯೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಹತ್ತಾರು ಜನ ಬಳಸುವ ಒಂದೇ ಯಂತ್ರದ ಮೂಲಕ ಹೋಗುತ್ತವೆ.

ಉದ್ದೇಶಗಳು

1. ಭದ್ರತೆ ಮತ್ತು ಖಾಸಗಿತನದ ವ್ಯತ್ಯಾಸವನ್ನು ವಿದ್ಯಾರ್ಥಿ ಉದಾಹರಣೆಯೊಂದಿಗೆ ಹೇಳುವನು/ಳು.
2. ಬ್ರೌಸರ್‌ಗಳನ್ನು ನಿರ್ದಿಷ್ಟ ಪ್ರಶ್ನೆಗಳ ಆಧಾರದ ಮೇಲೆ ಹೋಲಿಸುವನು/ಳು.
3. ಹಂಚಿಕೊಂಡ ಯಂತ್ರದಲ್ಲಿ ಕೆಲಸ ಮುಗಿದ ಮೇಲೆ ಮಾಡಬೇಕಾದುದನ್ನು ಮಾಡಿ ತೋರಿಸುವನು/ಳು.

ಮೊದಲ ಹಂತ: ಬೀಗ ಮತ್ತು ಪರದೆ

ಮನೆಯ ಬಾಗಿಲಿಗೆ ಬೀಗ, ಕಿಟಕಿಗೆ ಪರದೆ. ಕಳ್ಳ ಒಳನುಗ್ಗದಂತೆ ತಡೆಯುವುದು ಭದ್ರತೆ. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣದಿರುವುದು ಖಾಸಗಿತನ. ಒಂದಿದ್ದರೆ ಇನ್ನೊಂದು ಇದ್ದಂತಾಗುವುದಿಲ್ಲ ಎಂಬುದನ್ನು ಮಕ್ಕಳೇ ಹೇಳಿದರು. ಕ್ರೋಮ್ ಇದಕ್ಕೆ ಸರಿಯಾದ ಉದಾಹರಣೆ. ಜಾಲತಾಣದಿಂದ ಬಂದ ಕೆಡುಕು ಕಂಪ್ಯೂಟರಿಗೆ ಹರಡದಂತೆ ತಡೆಯುವ ಆವರಣ ಅದರಲ್ಲಿ 2008ರ ಮೊದಲ ಆವೃತ್ತಿಯಿಂದಲೇ ಇದೆ. 2018ರಿಂದ ಅದು ಬೇರೆ ಬೇರೆ ತಾಣಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಲ್ಲಿ ನಡೆಸುತ್ತಿದೆ. ಅಂದರೆ ಬೀಗ ಗಟ್ಟಿ. ಆದರೆ ಅದನ್ನು ರೂಪಿಸಿದ ಗೂಗಲ್‌ನ ಮುಖ್ಯ ಆದಾಯ ಜಾಹೀರಾತಿನದು. ಪರದೆಯ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು.

ಎರಡನೇ ಹಂತ: ಚೀಟಿಯ ಆಟ

ಮೂರು ಮೇಜುಗಳನ್ನು ಸುದ್ದಿತಾಣ, ಚಪ್ಪಲಿ ಅಂಗಡಿ, ಆರೋಗ್ಯ ಮಾಹಿತಿ ತಾಣ ಎಂದು ಹೆಸರಿಸಿದೆ. ‘ಜಾಹೀರಾತು ಕಂಪನಿ’ಯಾದ ವಿದ್ಯಾರ್ಥಿ ಮೂರೂ ಮೇಜುಗಳ ಬಳಿ ನೋಟ್‌ಪುಸ್ತಕ ಹಿಡಿದು ಓಡಾಡಬೇಕು. ಮೊದಲ ಮೇಜಿನಲ್ಲಿ ಸಂದರ್ಶಕಿಗೆ 17 ಎಂಬ ಚೀಟಿ ಕೊಡುತ್ತಾನೆ. ಮುಂದಿನ ಮೇಜುಗಳಲ್ಲಿ ಅದೇ ಚೀಟಿ ನೋಡಿ ಬರೆದುಕೊಳ್ಳುತ್ತಾನೆ. ಕೊನೆಗೆ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದೆ: ‘17 ಕ್ರೀಡಾ ಸುದ್ದಿ ಓದಿದಳು, ಚಪ್ಪಲಿ ನೋಡಿದಳು, ತಲೆನೋವಿನ ಬಗ್ಗೆ ವಿಚಾರಿಸಿದಳು.’ ಹೆಸರೇ ಕೇಳದೆ ಇಷ್ಟೆಲ್ಲ ತಿಳಿಯಿತೆಂದು ತರಗತಿ ಬೆರಗಾಯಿತು. ಈ ಚೀಟಿಯೇ ಮೂರನೆಯವರ ಕುಕಿ ಎಂದು ಆಗ ಹೇಳಿದೆ.

ಅನಂತರ ನಿಯಮ ಬದಲಿಸಿ ಆಟವನ್ನು ಮತ್ತೆ ಆಡಿಸಿದೆ. ಕಂಪನಿಯವನು ಯಾವ ಮೇಜಿನಲ್ಲೂ ಚೀಟಿ ಕೊಡುವಂತಿಲ್ಲ ಎಂದರೆ ಅದು ಸಫಾರಿ. 2020ರಿಂದ ಅದು ಇಂಥ ಕುಕಿಗಳನ್ನು ತಾನಾಗಿಯೇ ತಡೆಯುತ್ತದೆ. ಪ್ರತಿ ಮೇಜಿಗೂ ಬೇರೆ ಚೀಟಿ, ಒಂದರ ಚೀಟಿ ಇನ್ನೊಂದರಲ್ಲಿ ಕಾಣದು ಎಂದರೆ ಅದು ಫೈರ್‌ಫಾಕ್ಸ್. 2022ರಿಂದ ಕಂಪ್ಯೂಟರಿನಲ್ಲಿ ಅದರ ರೂಢಿಯ ವ್ಯವಸ್ಥೆ ಹೀಗಿದೆ. ಈಗ ಪುಸ್ತಕದಲ್ಲಿ 17, 42, 8 ಎಂಬ ಮೂವರು ಅಪರಿಚಿತರು. ಅವರು ಒಬ್ಬಳೇ ಎಂದು ಕಂಪನಿಗೆ ಗೊತ್ತಾಗುವುದಿಲ್ಲ. ಬ್ರೇವ್ ಕ್ರೋಮಿಯಂ ಅಡಿಪಾಯದ ಮೇಲೆಯೇ ಕಟ್ಟಿದ್ದು. ಆದರೂ ಜಾಹೀರಾತು ಮತ್ತು ಬೆನ್ನಟ್ಟುವ ಸಾಧನಗಳನ್ನು ಆರಂಭದಿಂದಲೇ ತಡೆಯುತ್ತದೆ. ಮೂರನೆಯವರ ಕುಕಿಗಳನ್ನು ಹಂತಹಂತವಾಗಿ ಕೈಬಿಡುವುದಾಗಿ ಗೂಗಲ್ 2020ರಲ್ಲಿ ಹೇಳಿತ್ತು. 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಕ್ರೋಮ್‌ನಲ್ಲಿ ಅವನ್ನು ತಡೆಯಬೇಕಾದರೆ ನಾವೇ ಸೆಟ್ಟಿಂಗ್ಸ್‌ಗೆ ಹೋಗಬೇಕು.

ಮೂರನೇ ಹಂತ: ಇನ್‌ಕಾಗ್ನಿಟೊ

‘ಇನ್‌ಕಾಗ್ನಿಟೊದಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಅಲ್ವಾ ಮಿಸ್?’ ಎಂಬ ಪ್ರಶ್ನೆ ನಿರೀಕ್ಷಿಸಿದಂತೆಯೇ ಬಂತು. ಉತ್ತರ ಹೇಳದೆ ಮಕ್ಕಳಿಂದಲೇ ಪರೀಕ್ಷೆ ಮಾಡಿಸಿದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಂದು ಮಾದರಿ ಅರ್ಜಿಯ ಪಿಡಿಎಫ್ ಇಳಿಸಿಕೊಂಡು ಕಿಟಕಿ ಮುಚ್ಚಿದರು. ಇತಿಹಾಸದಲ್ಲಿ ಏನೂ ಇರಲಿಲ್ಲ. ‘ಡೌನ್‌ಲೋಡ್ಸ್’ನಲ್ಲಿ ಕಡತ ಹಾಗೆಯೇ ಕುಳಿತಿತ್ತು. ಅದರ ಜಾಗದಲ್ಲಿ ಆಧಾರ್ ಪ್ರತಿಯಿದ್ದರೆ ಎಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಅದೇ ಯಂತ್ರಕ್ಕೆ ಮುಂದೆ ಬಂದು ಕೂರುವವರಿಂದ ಇತಿಹಾಸವನ್ನು ಮರೆಮಾಡುವುದಷ್ಟೇ ಈ ಕಿಟಕಿಯ ಕೆಲಸ. ನಾವು ತೆರೆದ ತಾಣ, ಶಾಲೆಯ ಜಾಲ, ಇಂಟರ್‌ನೆಟ್ ಸೇವೆ ಕೊಡುವವರು ಇವರಿಗೆ ಅದು ಪರದೆಯಲ್ಲ.

ನಾಲ್ಕನೇ ಹಂತ: ಆವೃತ್ತಿಯ ಸಂಖ್ಯೆ

ಎರಡನೇ ಅವಧಿಯಲ್ಲಿ ಪ್ರತಿ ಗುಂಪೂ ತನ್ನ ಯಂತ್ರದ ಬ್ರೌಸರ್ ಆವೃತ್ತಿಯನ್ನು ಬರೆದುಕೊಂಡಿತು. ವಿಂಡೋಸ್ 7 ಇದ್ದ ಯಂತ್ರಗಳಲ್ಲಿ ಕ್ರೋಮ್ 109ಕ್ಕೆ ನಿಂತಿತ್ತು. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಯಿಂದ ಕ್ರೋಮ್ ಆ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಫೈರ್‌ಫಾಕ್ಸ್ ಇಂಥ ಹಳೆಯ ಯಂತ್ರಗಳಿಗೆ 115ನೇ ದೀರ್ಘಾವಧಿ ಆವೃತ್ತಿಯಲ್ಲಿ ಭದ್ರತಾ ತಿದ್ದುಪಡಿಗಳನ್ನು ಮತ್ತಷ್ಟು ಕಾಲ ಕೊಟ್ಟಿತು. ಆದರೆ ವಿಂಡೋಸ್ 7ಕ್ಕೇ ಮೈಕ್ರೋಸಾಫ್ಟ್ ಬೆಂಬಲ 2020ರಲ್ಲಿ ನಿಂತಿದೆ. ಎಂಥ ಬ್ರೌಸರ್ ಹಾಕಿದರೂ ಅಡಿಪಾಯದ ಬಿರುಕು ಉಳಿಯುತ್ತದೆ. ಆ ಯಂತ್ರಗಳಲ್ಲಿ ಬ್ಯಾಂಕ್ ಅಥವಾ ಅರ್ಜಿಯ ಕೆಲಸ ಬೇಡ ಎಂಬ ತೀರ್ಮಾನಕ್ಕೆ ಮಕ್ಕಳು ತಾವೇ ಬಂದರು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಅವುಗಳ ಮೇಲೆ ಚೀಟಿ ಅಂಟಿಸಿದೆವು.

ಮೌಲ್ಯಮಾಪನ

ಬ್ರೌಸರ್‌ಗಳಿಗೆ ಅಂಕ ಕೊಡಿ ಎಂದು ನಾನು ಕೇಳಲಿಲ್ಲ. ಸನ್ನಿವೇಶಗಳನ್ನು ಕೊಟ್ಟೆ.

1. ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿದ ಅಕ್ಕ ಎದ್ದು ಬರುವ ಮುನ್ನ ಏನೇನು ಮಾಡಬೇಕು?
2. ಒಂದು ತಾಣದಲ್ಲಿ ನೋಡಿದ ಚಪ್ಪಲಿಯ ಜಾಹೀರಾತು ಇನ್ನೊಂದು ತಾಣದಲ್ಲಿ ಬಂತು. ಏಕೆ? ಯಾವ ಬದಲಾವಣೆಯಿಂದ ಇದು ಕಡಿಮೆಯಾದೀತು?
3. ವಿಳಾಸ ‘ಎಚ್‌ಟಿಟಿಪಿಎಸ್’ನಿಂದ ಆರಂಭವಾದರೆ ಆ ತಾಣ ನಂಬಿಕೆಗೆ ಅರ್ಹವೇ?

ಮೂರನೆಯದಕ್ಕೆ ‘ಹೌದು’ ಎಂದು ಬರೆದವರೇ ಹೆಚ್ಚು. ದಾರಿ ಸುರಕ್ಷಿತವಾದರೂ ದಾರಿಯ ಕೊನೆಯಲ್ಲಿ ಮೋಸಗಾರನಿರಬಹುದು. ಈ ತಪ್ಪು ಕಲ್ಪನೆ ಎಲ್ಲೆಡೆ ಇದ್ದುದರಿಂದಲೇ ಕ್ರೋಮ್ 2023ರಲ್ಲಿ ವಿಳಾಸಪಟ್ಟಿಯ ಬೀಗದ ಚಿಹ್ನೆಯನ್ನು ತೆಗೆಯಿತು. ಮರುಬೋಧನೆಗೆ ಈ ಅಂಶವನ್ನು ಎತ್ತಿಕೊಂಡಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹೋಲಿಕೆಯ ಪಟ್ಟಿ ಮಾಡುವಾಗ ತಲೆಬರಹದಲ್ಲಿ ದಿನಾಂಕ ಬರೆಯಿರಿ. ಕಂಪನಿಗಳು ನಿಲುವು ಬದಲಿಸುತ್ತಿರುತ್ತವೆ. ಹಳೆಯ ಟಿಪ್ಪಣಿಯನ್ನು ನಂಬದೆ ಪ್ರತಿ ವರ್ಷ ಶಾಲೆಯ ಯಂತ್ರದಲ್ಲೇ ತೆರೆದು ನೋಡಿ. ಚೀಟಿಯ ಆಟಕ್ಕೆ ವಿದ್ಯುತ್ ಬೇಡ, ಇಂಟರ್‌ನೆಟ್ ಬೇಡ. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಮೊದಲ ಅವಧಿಯ ಹೆಚ್ಚಿನ ಭಾಗವನ್ನು ನಡೆಸಬಹುದು.